ಹೊಸ್ತಿಲು ಕಿತ್ತ ಮದುವೆ ಮನೆ

ನಮ್ಮಪ್ಪನಿಗೆ ಆಣೆ ಇಡದೆ ಮಾತಾಡಲು ಬರುತ್ತಿರಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಗಾದಿ ಅಂಗಡಿ. ಅರಳೆ ಹಿಂಜಿ ಗಾದಿ, ದಿಂಬು ತುಂಬುವ ಪಿಂಜಾರರ ಮನೆತನ. ನಮಾಜು ಅರಬಿಯಲ್ಲಿ, ಜಗಳ ಅಚ್ಚ ಕನ್ನಡದಲ್ಲಿ. ಗಿರಾಕಿ ಬಂದು ಗಾದಿಯನ್ನು ಒಮ್ಮೆ ಒತ್ತಿ ನೋಡಿದರೆ ಸಾಕು, "ಅಲ್ಲಾನ ಆಣಿ, ಮೊಮ್ಮಕ್ಕಳ ಕಾಲಕ್ಕೂ ಗಂಟ ಕಟ್ಟಾಂಗಿಲ್ಲ ನೋಡ್ರಿ" ಅನ್ನುತ್ತಿದ್ದ. ಅದು ವ್ಯಾಪಾರದ ಮಾತಾಯಿತು, ಬಿಡಿ. ಮನೆಯಲ್ಲಿ ಚಹಾ ಕುಡಿದರೂ "ಅಲ್ಲಾನ ಆಣಿ, ಸಕ್ಕರಿ ಕಡಿಮಿ ಆಗೇತಿ" ಅನ್ನುವವನು. ಮಳೆ ಹಿಡಿದರೆ "ಅಲ್ಲಾನ ಆಣಿ, ಇದು ನಿಂದ್ರೂ ಮಳಿ ಅಲ್ಲ" ಅನ್ನುವನು, ಅವನು ಮಾತು ಮುಗಿಸುವುದರೊಳಗೆ ಬಿಸಿಲು ಬೀಳುತ್ತಿತ್ತು. ನಾವು ಮಕ್ಕಳು ಮಳೆ ನಿಲ್ಲಲಿ ಎಂದು ಅವನ ಬಾಯಿಂದ ಬೇಕೆಂದೇ ಆಣೆ ಹಾಕಿಸುತ್ತಿದ್ದೆವು.

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಇದಕ್ಕೆ ಪೂರಾ ಉಲ್ಟಾ. ಅವಳನ್ನು ಸವದತ್ತಿಗೆ ಕೊಟ್ಟಿತ್ತು. ಗಟ್ಟಿ ದನಿ, ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಹಠ. ಅವಳ ಬಾಯಲ್ಲಿ ಬೈಗುಳ ಧಾರಾಳವಾಗಿ ಬರುತ್ತಿತ್ತು, ಆಣೆ ಮಾತ್ರ ಬರುತ್ತಿರಲಿಲ್ಲ. "ಆಣಿ ಅಂದ್ರ ಅಲ್ಲಾನ್ನ ಸಾಕ್ಷಿಗೆ ಕರದಂಗ. ಚಹಾಕ್ಕ ಸಕ್ಕರಿ ಕಡಿಮಿ ಆತಂತ ಅವನ್ನ ಕರೀತೀಯೇನೋ ಹುಚ್ಚಪ್ಯಾಲಿ?" ಎಂದು ತಮ್ಮನಿಗೆ ಬೈಯುತ್ತಿದ್ದಳು. ನಾನು ಹುಟ್ಟಿದಾಗ ಅವ್ವನಿಗೆ ಮೈಯಲ್ಲಿ ಹುಷಾರಿರಲಿಲ್ಲವಂತೆ. ಅತ್ತೆಯೇ ಬಂದು ಬಾಣಂತನ ಮಾಡಿ, ಎಣ್ಣೆ ಹಚ್ಚಿ ಎರೆದು, ನನ್ನನ್ನು ಮನುಷ್ಯಳನ್ನಾಗಿ ಮಾಡಿದ್ದು. ಆಗಲೇ ಹೇಳಿದ್ದಳಂತೆ, "ಇಕಿ ಮದುವ್ಯಾಗ ಮೊದಲನೇ ಅರಿಶಿಣ ನಾನ ಹಚ್ಚಾಕಿ." ನಮ್ಮಲ್ಲಿ ಮದುಮಗಳಿಗೆ ಮೊದಲು ಅರಿಶಿಣ ಹಚ್ಚುವ ಹಕ್ಕು ಸೋದರತ್ತೆಯದೇ. ಹಾಗಾಗಿ ಅದನ್ನು ಆಣೆ ಮಾಡಿ ಹೇಳುವ ಅಗತ್ಯವೂ ಅವಳಿಗಿರಲಿಲ್ಲ.

ಇಂಥ ಅತ್ತೆ ಜೀವನದಲ್ಲಿ ಮಾಡಿದ್ದು ಒಂದೇ ಒಂದು ಆಣೆ. ಅದೂ ನಮ್ಮ ಮನೆಯ ಮೇಲೆಯೇ ಬಿತ್ತು.

ಅವಳ ಮಗಳನ್ನು ರಾಮದುರ್ಗಕ್ಕೆ ಕೊಟ್ಟಾಗ ಅಪ್ಪ ತಾನೇ ಕೈಯಾರೆ ಗಾದಿ ತುಂಬಿ ಕೊಟ್ಟಿದ್ದ. ಸೋದರಮಾವನ ಕೊಡುಗೆ ಅಂದ ಮೇಲೆ ಕೇಳಬೇಕೆ, ಕೆಂಪು ಹೂವಿನ ಹೊದಿಕೆ, ನಾಲ್ಕೂ ಮೂಲೆಗೆ ಗೊಂಡೆ. ಮದುವೆಯಾಗಿ ಸ್ವಲ್ಪ ದಿನಕ್ಕೆ ಆ ಗಾದಿಯ ಒಂದು ಹೊಲಿಗೆ ಬಿಚ್ಚಿಕೊಂಡಿತು. ಒಳಗಿನಿಂದ ಹೊರಬಂದದ್ದು ಬಿಳಿ ಅರಳೆಯಲ್ಲ, ನೀಲಿ, ಹಸಿರು, ಗುಲಾಬಿ! ಹಳೆಯ ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಹಿಂಜಿ ತೆಗೆದ ಚಿಂದಿ ಅರಳೆ. ಅಗ್ಗದ ಗಾದಿಗೆ ತುಂಬುವಂಥದ್ದು. ಬೀಗರು ಒಳ್ಳೆಯವರು, ಸಿಟ್ಟಾಗಲಿಲ್ಲ, ನಕ್ಕರು. "ನಿಮ್ಮ ತಮ್ಮಾರು ಗಾದ್ಯಾಗ ಕಾಮನಬಿಲ್ಲ ತುಂಬ್ಯಾರ ನೋಡ್ರಿ" ಎಂದರಂತೆ. ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಅವರು ನಕ್ಕದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಆ ಬಣ್ಣಬಣ್ಣದ ಅರಳೆಯನ್ನು ಒಂದು ಹಿಡಿ ಸೆರಗಿನಲ್ಲಿ ಕಟ್ಟಿಕೊಂಡು ಅವಳು ರಾಮದುರ್ಗದಿಂದ ಸೀದಾ ಬೈಲಹೊಂಗಲಕ್ಕೆ ಬಂದಳು. ನಮ್ಮ ಪಡಸಾಲೆಯಲ್ಲಿ ಅದನ್ನು ಅಪ್ಪನ ಮುಂದೆ ಹರವಿ, "ಏನಿದು?" ಎಂದು ಕೇಳಿದಳು. ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ. "ಅಲ್ಲಾನ ಆಣಿ ಅಕ್ಕಾ, ನಾ ತುಂಬಿದ್ದು ಜವಾರಿ ಅರಳಿ. ಅಲ್ಲಿ ಯಾರರ ಬದಲಿ ಮಾಡಿರಬೇಕು" ಎಂದುಬಿಟ್ಟ.

"ಯಾರರ ಅಂದ್ರ? ಬೀಗರೇನು?"

"ನಾ ಯಾರ ಹೆಸರೂ ಹೇಳಿಲ್ಲ."

ಅತ್ತೆ ಅರಳೆಯನ್ನು ಅಲ್ಲೇ ಬಿಟ್ಟು ಎದ್ದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದು, ಅಲ್ಲಿಂದ ತಿರುಗಿ ನಿಂತು ಹೇಳಿದಳು: "ಅಲ್ಲಾನ ಆಣಿ, ಇನ್ನ ನಾ ನಿನ್ನ ಮನಿ ಹೊಸ್ತಲಾ ತುಳ್ಯಾಂಗಿಲ್ಲ." ಅಪ್ಪನ ನೂರು ಆಣೆ ಒಂದು ತೂಕವಾದರೆ ಅತ್ತೆಯ ಒಂದು ಆಣೆ ಒಂದು ತೂಕ.

ಆದರೆ ಅತ್ತೆ ಆಡಿದ್ದು ಹೊಸ್ತಿಲಿನ ಮಾತು ಮಾತ್ರ. ಬೈಲಹೊಂಗಲಕ್ಕೆ ಬರುವುದಿಲ್ಲ ಅಂದಿರಲಿಲ್ಲ, ತಮ್ಮನ ಜೊತೆ ಜಗಳಾಡುವುದಿಲ್ಲ ಅಂತಲೂ ಅಂದಿರಲಿಲ್ಲ. ಹಾಗಾಗಿ ಅವಳು ಬರುವುದು ಏನೂ ಕಡಿಮೆಯಾಗಲಿಲ್ಲ. ನಮ್ಮ ಎದುರು ಮನೆಯ ಲಿಂಗಾಯತರ ಅಜ್ಜಿಯ ಕಟ್ಟೆಯೇ ಅವಳ ಬಿಡಾರವಾಯಿತು. ಬಸ್ಸಿಳಿದು ಬಂದು ಆ ಕಟ್ಟೆಯ ಮೇಲೆ ಕೂರುವಳು, ಚೀಲ ಬಿಚ್ಚುವಳು, ನನ್ನನ್ನು ಕೂಗುವಳು. ಶೇಂಗಾ ಹೋಳಿಗೆ ನಮ್ಮ ಮನೆಗೆ ಬರುವುದು, ನಮ್ಮ ಮನೆಯ ಚಹಾ ಕಟ್ಟೆಗೆ ಹೋಗುವುದು. ಅಪ್ಪ ನಮ್ಮ ಬಾಗಿಲಲ್ಲಿ, ಅತ್ತೆ ಎದುರು ಕಟ್ಟೆಯಲ್ಲಿ, ನಡುವೆ ರಸ್ತೆ. ಆ ಮಾತು ಈ ಮಾತು ಬಂದು ಕೊನೆಗೆ ಗಾದಿಗೆ ಮುಟ್ಟಿ ಇಬ್ಬರ ದನಿಯೂ ಏರುತ್ತಿತ್ತು. ನಡುವೆ ಟ್ರ್ಯಾಕ್ಟರ್ ಬಂದರೆ ಇಬ್ಬರೂ ಬಾಯಿ ಮುಚ್ಚಿ, ಅದು ಹೋದ ಮೇಲೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿಯುತ್ತಿದ್ದರು. ವರ್ಷಗಟ್ಟಲೆ ಹೀಗೆ ನಡೆಯಿತು. ನಮಗೂ ರೂಢಿಯಾಗಿಹೋಗಿತ್ತು.

ರೂಢಿ ತಪ್ಪಿದ್ದು ಕಿತ್ತೂರಿನಿಂದ ನನಗೆ ಗಂಡು ಬಂದಾಗ. ಮದುವೆ ಗಟ್ಟಿಯಾಯಿತು. ಅತ್ತೆ ಎದುರು ಕಟ್ಟೆಯ ಮೇಲೆ ಕೂತೇ ನನ್ನ ಗಲ್ಲ ಹಿಂಡಿ, ಸಂತೋಷಕ್ಕೆ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ದನಿ ತಗ್ಗಿಸಿ, "ಅರಿಶಿಣ ನಿಮ್ಮವ್ವ ಹಚ್ಚಲಿ ಬಿಡವಾ. ನಾ ಇಲ್ಲಿಂದ ನೋಡತೇನಿ" ಎಂದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸೀದಾ ಮನೆಗೆ ಬಂದು ಅಪ್ಪನ ಮುಂದೆ ನಿಂತು, "ಅತ್ತಿ ಒಳಗ ಬರಲಿಲ್ಲಂದ್ರ ನಾ ಅರಿಶಿಣಕ್ಕ ಕುಂದ್ರಾಂಗಿಲ್ಲ. ಅಲ್ಲಾನ..." ಎನ್ನುವಷ್ಟರಲ್ಲಿ ಅಪ್ಪ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದ. "ಬ್ಯಾಡವಾ ತಾಯಿ! ಇದ್ದ ಆಣಿನ ಸಾಕಾಗೇತಿ!"

ಅಂದಿನಿಂದ ಮದುವೆಯ ತಯಾರಿ ಒಂದು ಕಡೆ, ಅತ್ತೆಯನ್ನು ಒಳಗೆ ತರುವ ತಯಾರಿ ಇನ್ನೊಂದು ಕಡೆ. ಮೊದಲ ಉಪಾಯ ಎದುರು ಮನೆ ಅಜ್ಜಿಯದು. ಅವರು ಎಲ್ಲಮ್ಮನ ಆಣೆಯವರು, ಆದರೆ ನಮ್ಮ ಅಲ್ಲಾನ ಆಣೆಯ ಬಗ್ಗೆ ನಮಗಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದರು. "ಹೊಸ್ತಲಾ ಯಾರರ ತುಳೀತಾರೇನ್ರಿ? ತುಳದ್ರ ನಮ್ಮತ್ತಿ ಕಾಲಿಗೆ ಬರಿ ಹಾಕ್ತಿದ್ಲು. ಹೊಸ್ತಲಾ ದಾಟತಾರ. ನೀವೂ ದಾಟಿ ಹೋಗ್ರಿ. ತುಳಿಯೂದಿಲ್ಲ ಅಂದೀರಿ, ತುಳೀಬ್ಯಾಡ್ರಿ. ಆಣಿ ಇದ್ದಲ್ಲೇ ಇರತೈತಿ."

ನನಗೆ ಇದು ಬಹಳ ಸರಿ ಅನ್ನಿಸಿತು. ಅತ್ತೆ ಕಣ್ಣು ಕೆಕ್ಕರಿಸಿದಳು. "ಅಲ್ಲಾನ ಮುಂದ ವ್ಯಾಕರಣ ನಡಿಯೂದಿಲ್ಲ ಅಕ್ಕಾರ" ಎಂದಳು.

ಅತ್ತೆ ಚಾಪೆಯ ಕೆಳಗೂ ತೂರುವುದಿಲ್ಲ ಎಂದ ಮೇಲೆ ಅಪ್ಪ ರಂಗೋಲಿಯ ಕೆಳಗೆ ತೂರಲು ಹೊರಟ. ಹೊಸ್ತಿಲು ಇದ್ದರಲ್ಲವೇ ತುಳಿಯುವುದು ದಾಟುವುದು? ಮರುದಿನ ಬೆಳಿಗ್ಗೆ ಬಡಿಗೇರನನ್ನು ಕರೆಸಿ, ಅಜ್ಜನ ಕಾಲದ ಸಾಗವಾನಿ ಹೊಸ್ತಿಲನ್ನು ಕೀಳಿಸಿಯೇ ಬಿಟ್ಟ. ಅವ್ವ ತಲೆ ತಲೆ ಚಚ್ಚಿಕೊಂಡಳು. ಎದುರು ಮನೆ ಅಜ್ಜಿ, "ಮದುವಿ ಮನಿ ಹೊಸ್ತಲಾ ಕೀಳ್ತಾರೇನ್ರೀ ಯಾರರ? ಎಲ್ಲಮ್ಮನ ಆಣಿ, ನಾ ಹಂಗ ಹೇಳಿದ್ದಿಲ್ಲ" ಎಂದು ಕೈ ತೊಳೆದುಕೊಂಡರು. ಹೊಸ್ತಿಲು ಇದ್ದ ಜಾಗದಲ್ಲಿ ಅಡ್ಡಕ್ಕೆ ಒಂದು ತಗ್ಗು ಬಿತ್ತು. ಬಾಗಿಲು ಹಾಕಿದರೂ ಕೆಳಗೆ ಸಂದು. ಮಧ್ಯಾಹ್ನದ ಹೊತ್ತಿಗೆ ಓಣಿಯ ಎರಡು ಕೋಳಿ ಅದರೊಳಗಿಂದ ನುಸುಳಿ ಬಂದು ಮದುವೆಯ ಅಕ್ಕಿಗೆ ಬಾಯಿ ಹಾಕಿದವು. ಕರೆದವರು ಬರಲಿಲ್ಲ, ಕರೆಯದವು ಬಂದವು ಎಂದು ಅವ್ವ ಗೊಣಗಿದಳು.

ಅಪ್ಪ ಫೋನು ಮಾಡಿ ಅಕ್ಕನನ್ನು ಕರೆಸಿದ. ಅವಳು ಎದುರು ಕಟ್ಟೆಯ ಮೇಲೆ ಕೂತು ನಮ್ಮ ಬಾಗಿಲನ್ನು ನೋಡಿದಳು. ಬೋಳು ಬಾಗಿಲು. "ಹೊಸ್ತಲಾ ಕಿತ್ರ ಮನಿ ಬ್ಯಾರೆ ಆಗತೈತೇನೋ?" ಎಂದಳು. "ಹೊಸ್ತಲಾ ಎಲ್ಲೈತಿ ತೋರ್ಸು, ತೋರ್ಸು ಮತ್ತ!" ಎಂದು ಅಪ್ಪ ಸವಾಲು ಹಾಕಿದ. ಇಬ್ಬರ ದನಿಯೂ ಏರಿತು.

ಅದೇ ಹೊತ್ತಿಗೆ ನಿಕಾಹದ ವೇಳೆ ಮಾತಾಡಲೆಂದು ನಮ್ಮ ಮಸೀದಿಯ ಇಮಾಮ್ ಸಾಹೇಬರು ಬಂದರು. ಸಣ್ಣ ವಯಸ್ಸಿನವರು, ಮೆತ್ತಗಿನ ಮಾತು. ಸಲಾಂ ಹೇಳುತ್ತ ಬಾಗಿಲ ಹತ್ತಿರ ಬಂದವರು ಕಾಲು ತಗ್ಗಿಗೆ ಸಿಕ್ಕಿ ಮುಗ್ಗರಿಸಿದರು. ಅಪ್ಪ ಹಿಡಿದುಕೊಂಡ. "ಹೊಸ್ತಲಾ ಎಲ್ಲಿ ಹೋತ್ರಿ?" ಎಂದು ಅವರು ಕೇಳಿದ್ದೇ ತಡ, ಅಪ್ಪ ಈ ಕಡೆಯಿಂದ, ಅತ್ತೆ ಆ ಕಡೆಯಿಂದ, ಅಜ್ಜಿ ನಡುನಡುವೆ, ಮೂವರೂ ಒಟ್ಟಿಗೆ ಕಥೆ ಹೇಳತೊಡಗಿದರು. ಇಮಾಮರು ಮನೆಯೊಳಗೆ ಬಂದರೆ ಅತ್ತೆಗೆ ಕೇಳುವುದಿಲ್ಲ, ಕಟ್ಟೆಗೆ ಹೋದರೆ ಅಪ್ಪನಿಗೆ ಬೇಜಾರು. ಪಾಪ, ನಡುರಸ್ತೆಯಲ್ಲೇ ನಿಂತರು.

ಎಲ್ಲ ಕೇಳಿ ಅವರು ನಕ್ಕರು. "ಆಣಿ ಅಂದ್ರ ಮಂದಿ ಆ ಮಾತಿಗೆ ಏನ ಅರ್ಥ ಹಿಡೀತಾರ, ಅದರ ಮ್ಯಾಲೆ ನಿಂದರತೈತ್ರಿ. ನಿನ್ನ ಹೊಸ್ತಲಾ ತುಳ್ಯಾಂಗಿಲ್ಲ ಅಂದ್ರ ನಮ್ಮ ಕಡೆ ಮನಿಗೆ ಬರಾಂಗಿಲ್ಲ ಅಂತ. ದಾಟಿದ್ರೂ ಅಷ್ಟ, ಕಿತ್ತ ಹಾಕಿದ್ರೂ ಅಷ್ಟ."

"ನಾ ಹೇಳಲಿಲ್ಲಾ?" ಎಂದು ಅತ್ತೆ ಕಟ್ಟೆಯಿಂದ ಕೂಗಿದಳು. ಗೆದ್ದ ಸಂತೋಷ ಒಂದು ಗಳಿಗೆ, ಆಮೇಲೆ ಮುಖ ಬಾಡಿತು. ಗೆದ್ದರೆ ಕಟ್ಟೆಯ ಮೇಲೇ ಉಳಿಯಬೇಕಲ್ಲ.

ಇಮಾಮರು ಅವಳ ಕಡೆ ತಿರುಗಿದರು. "ಆದ್ರ ಅಮ್ಮಾ, ಒಡಹುಟ್ಟಿದವರನ್ನ ದೂರ ಮಾಡೂ ಆಣಿ ಹಿಡಕೊಂಡು ಕುಂದ್ರೂದು ಪುಣ್ಯ ಅಲ್ರಿ. ಆಣಿ ಮಾಡಿದ ಮ್ಯಾಲೆ ಅದಕ್ಕಿಂತ ಛಲೋದು ಕಂಡ್ರ, ಛಲೋದನ್ನ ಮಾಡಬೇಕು, ಆಣಿ ಮುರದದ್ದಕ್ಕ ಕಫಾರಾ ಅಂತ ಪರಿಹಾರ ಕೊಡಬೇಕು. ಹತ್ತ ಮಂದಿ ಬಡವರಿಗೆ ಎರಡು ಹೊತ್ತು ಊಟ, ಇಲ್ಲಾ ಅರಿವಿ. ಅದೂ ಆಗಲಿಲ್ಲಂದ್ರ ಮೂರು ದಿನ ರೋಜಾ ಉಪಾಸ."

"ಹಂಗಾರ ಮೊದಲ ಉಣಿಸಿಬಿಡತೇನ್ರಿ. ಆಮ್ಯಾಲೆ ಒಳಗ ಬರತೇನಿ."

"ಮೊದಲ ಮುರೀಬೇಕು, ಆಮ್ಯಾಲೆ ಉಣಸೂದ್ರಿ. ಜಡ್ಡ ಬರೂಕಿಂತ ಮೊದಲ ಯಾರರ ಔಷಧ ತಗೋತಾರೇನು?"

ಅತ್ತೆ ಸೆರಗು ಸರಿಮಾಡಿಕೊಂಡಳು. ಎದ್ದೇ ಬಿಟ್ಟಳು ಎಂದುಕೊಂಡೆ. ಆದರೆ ಅವಳು ಏಳಲಿಲ್ಲ. ಅಪ್ಪನ ಕಡೆ ಬೆರಳು ತೋರಿಸಿ, "ನಂದಕ್ಕ ಹತ್ತ ಮಂದಿ. ಇವಂದಕ್ಕ ಎಷ್ಟ ಮಂದಿ ಉಣಸಬೇಕ್ರಿ?" ಎಂದು ಕೇಳಿದಳು. ಗಾದಿಯ ಕಥೆಯನ್ನೂ, ಆವತ್ತು ತಮ್ಮ ಮಾಡಿದ ಆಣೆಯನ್ನೂ ಹೇಳಿದಳು.

ಇಮಾಮರು ಹೇಳಿದರು. "ಆಣ್ಯಾಗ ತರಾ ಅದಾವ್ರಿ. ಮಾತಿನ ಭರದಾಗ ಬಾಯಿ ಚಟಕ್ಕ ಬರೂ ಆಣಿ, ಅದನ್ನ ಅಲ್ಲಾ ಹಿಡಿಯೂದಿಲ್ಲ. ಆಗಿಹೋಗಿದ್ದನ್ನ ಖರೇನ ಅಂತ ತಿಳಕೊಂಡು ಆಣಿ ಮಾಡಿ, ಆಮ್ಯಾಲೆ ಅದು ತಪ್ಪಾದ್ರ, ಅದೂ ಮಾಫಿ. ಆದ್ರ ಗೊತ್ತಿದ್ದೂ ಸುಳ್ಳ ಆಣಿ ಮಾಡಿದ್ರ, ಅದಕ್ಕ ಕಫಾರಾ ಇಲ್ಲ."

ಅಪ್ಪನ ಮುಖ ಅರಳಿತು. "ಇಲ್ಲಂದ್ರ, ಏನೂ ಕೊಡೂದ ಬ್ಯಾಡೇನ್ರಿ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ಇಮಾಮರು ನಗಲಿಲ್ಲ.

"ಹತ್ತ ಮಂದಿ ಊಟದಾಗ ತೀರೂವಂಥಾದ್ದಲ್ಲ, ಅದಕ್ಕ ಇಲ್ರಿ. ಅಂವ ಅಲ್ಲಾನ ಮುಂದ ತಪ್ಪ ಒಪ್ಪಿಕೊಂಡು ತೌಬಾ ಮಾಡಬೇಕು. ಯಾರಿಗೆ ಸುಳ್ಳ ಹೇಳ್ಯಾನ ಅವರ ಮುಂದ ಖರೇ ಹೇಳಬೇಕು."

ಅಪ್ಪನಿಗೆ ದಾರಿ ಇತ್ತು. ಇಮಾಮರು ಹೇಳಿದ ಮೂರು ತರದಲ್ಲಿ ನಡುವಿನ ಆ ಎರಡನೇ ಆಣೆ ಅವನಿಗಾಗಿ ಬಾಗಿಲು ತೆರೆದೇ ನಿಂತಿತ್ತು. "ನನಗ ಜವಾರಿ ಅರಳಿ ಅಂತನ ಅನ್ನಿಸಿತ್ತು" ಎಂದು ಒಂದು ಮಾತು ಅಂದಿದ್ದರೆ ಎಲ್ಲವೂ ಮಾಫಿ. ಅತ್ತೆಯೂ ಅದನ್ನೇ ಕಾಯುತ್ತಿದ್ದಳೇನೋ, ಕಟ್ಟೆಯ ಅಂಚಿಗೆ ಸರಿದು ಕೂತಿದ್ದಳು. ಅಪ್ಪ ಬಾಯಿ ತೆರೆದ.

"ಅಲ್ಲಾನ ಆ..." ಎಂದವನು ಅಲ್ಲಿಗೇ ನಿಲ್ಲಿಸಿದ. ನನಗೆ ತಿಳಿದ ಮಟ್ಟಿಗೆ ಅವನು ಒಂದು ಆಣೆಯನ್ನು ಅರ್ಧಕ್ಕೆ ನುಂಗಿದ್ದು ಅದೇ ಮೊದಲು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆಣಿ ಇಲ್ಲದ ಹೇಳತೇನಿ ಅಕ್ಕಾ. ನನಗ ಗೊತ್ತಿತ್ತು."

ಅಕ್ಕನ ಮಗಳ ಮದುವೆಯ ಹಿಂದಿನ ವಾರದ ಮಳೆಗೆ ಅಂಗಡಿಯ ಮಾಡು ಸೋರಿ, ಎತ್ತಿಟ್ಟಿದ್ದ ಜವಾರಿ ಅರಳೆಯೆಲ್ಲ ತೊಯ್ದು ಹೋಗಿತ್ತಂತೆ. ಮದುವೆ ಎದುರಿಗೆ ಬಂದು ನಿಂತಿತ್ತು. ಸೋದರಮಾವ ಬರಿಗೈಯಲ್ಲಿ ಹೋಗುವುದು ಹೇಗೆ? ಮೇಲೊಂದು ಕೆಳಗೊಂದು ಪದರ ಬಿಳಿ ಅರಳೆ ಇಟ್ಟು, ನಡುವೆ ಚಿಂದಿ ಅರಳೆ ತುಂಬಿದ್ದ. ಆಮೇಲೆ ಬದಲಿಸಿ ಕೊಟ್ಟರಾಯಿತು ಅಂದುಕೊಂಡಿದ್ದನಂತೆ. ಅಷ್ಟರಲ್ಲಿ ಹೊಲಿಗೆ ಬಿಚ್ಚಿತು. "ನೀ ಆ ಅರಳಿ ತಂದು ಹರವಿದಾಗ ನನಗ ಭಾಳ ನಾಚಿಕಿ ಬಂತು ಅಕ್ಕಾ. ನಾಚಿಕಿಗೆ ಸುಳ್ಳ ಬಂತು. ಸುಳ್ಳಿಗೆ ಆಣಿ ಬಂತು. ಬೀಗರ ಮ್ಯಾಲೂ ಹಾಕಿದೆ."

ಬಾಗಿಲ ಹಿಂದೆ ನಿಂತಿದ್ದ ನನಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಟೋಪಿ ಹಿಡಿದು ನಿಂತಿದ್ದ ಅವನನ್ನು ನೋಡಿ ನನಗೆ ಎಂದೂ ಬಾರದಷ್ಟು ಪ್ರೀತಿ ಬಂತು.

ಅತ್ತೆ ಕಟ್ಟೆ ಇಳಿದಳು. ರಸ್ತೆ ದಾಟಿದಳು. "ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತೇನೋ ಮಬ್ಬ?" ಎಂದು ಅಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗಟ್ಟಿ ಕೈ ಎಂದು ಮೊದಲೇ ಹೇಳಿದ್ದೇನಲ್ಲ, ಅಪ್ಪ ಎರಡು ಹೆಜ್ಜೆ ಮುಂದೆ ಹೋದ. ಇನ್ನೇನು ಒಳಗೆ ಕಾಲಿಡಬೇಕು, ತಗ್ಗಿನ ಮುಂದೆ ನಿಂತುಬಿಟ್ಟಳು.

"ಹೊಸ್ತಲಾ ಎಲ್ಲಿ?"

"ಹಿತ್ತಲದಾಗ ಐತಿ."

"ತರ್ರಿ. ಮುರಿಯೂ ಆಣಿ ಪೂರ್ತಾ ಮುರೀತೇನಿ. ನಾಳೆ ಯಾರೂ ಇಕಿ ಹೊಸ್ತಲಾ ಇಲ್ಲದ ಹೊತ್ತಿನ್ಯಾಗ ಕಳ್ಳಿ ಹಂಗ ಒಳಗ ಬಂದ್ಲು ಅನಬಾರದು."

ಅಪ್ಪ, ನಾನು, ಅವ್ವ ಮೂವರೂ ಆ ಸಾಗವಾನಿ ಹೊಸ್ತಿಲನ್ನು ಹಿತ್ತಲಿನಿಂದ ಹೊತ್ತು ತಂದು ತಗ್ಗಿನಲ್ಲಿ ಕೂರಿಸಿದೆವು. ಅತ್ತೆ ಬಿಸ್ಮಿಲ್ಲಾ ಅಂದಳು. ಹೊಸ್ತಿಲನ್ನು ದಾಟಲಿಲ್ಲ. ಎರಡೂ ಕಾಲಿಟ್ಟು ಅದರ ಮೇಲೆ ಹತ್ತಿ ನಿಂತಳು. ಎದುರು ಕಟ್ಟೆಯ ಅಜ್ಜಿ "ಅಯ್ಯಯ್ಯ, ತುಳದ್ಲಲ್ಲವಾ!" ಎಂದು ಕೂಗಿ, ಮರುಗಳಿಗೆಯೇ ತಾವೂ ನಗಲು ಹತ್ತಿದರು. ಅಲ್ಲಿಂದ ಅತ್ತೆ ಕೆಳಗಿಳಿದದ್ದು ಸೀದಾ ನನ್ನ ಮೈಮೇಲೆ. ನನ್ನನ್ನು ತಬ್ಬಿಕೊಂಡು ಅತ್ತಳು, ನನಗೂ ಅಳು ಬಂತು, ಅತ್ತು ಮುಗಿದ ಮೇಲೆ ಅವಳು ಅಡುಗೆಮನೆಗೆ ಹೋಗಿ ಅವ್ವನ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿದಳು.

ಹತ್ತು ಮಂದಿ ಬಡವರನ್ನು ಹುಡುಕುವುದು ಇನ್ನೊಂದು ಫಜೀತಿ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕನನ್ನು "ನೀವು ಬಡವರೇನ್ರಿ?" ಎಂದು ನೇರ ಕೇಳಿ, "ಬಡವ ನಿಮ್ಮಪ್ಪ!" ಎಂದು ಅನ್ನಿಸಿಕೊಂಡು ಬಂದ. ಕೊನೆಗೆ ಎದುರು ಮನೆ ಅಜ್ಜಿಯೇ ಯಾರ ಮನೆಯ ಒಲೆ ಯಾವಾಗ ತಣ್ಣಗಿರುತ್ತದೆ ಎಂದು ಮೆಲ್ಲಗೆ ಹೇಳಿದರು, ನಾವು ಯಾರನ್ನೂ ಏನೂ ಕೇಳದೆ ಊಟಕ್ಕೆ ಕರೆದೆವು. ಮನೆಯವರಿಗೆ ಉಣಿಸುವ ಮಧ್ಯಮ ತರದ ಊಟವಾದರೆ ಸಾಕೆಂದು ಇಮಾಮರು ಹೇಳಿದ್ದರು. "ನನ್ನ ಅಡಿಗ್ಯಾಗ ಮಧ್ಯಮ ಅನ್ನೂದ ಇಲ್ಲ" ಎಂದ ಅತ್ತೆ ಬದನೆಕಾಯಿ ಎಣ್ಣಿಗಾಯಿ, ಬಿಸಿ ರೊಟ್ಟಿ, ಮಾದಲಿ, ತುಪ್ಪ ಎಲ್ಲ ಮಾಡಿದಳು. ಬೆಳಿಗ್ಗೆ ಉಂಡು ಹೋದವರು ಸಂಜೆ ಹೊತ್ತಿಗೆ ಮುಂಚೆಯೇ ಬಂದು ಕೂತರು. ಬಡಿಸಿದವನು ಅಪ್ಪ. ಇದು ಅವನ ಲೆಕ್ಕಕ್ಕೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೂ ಬಡಿಸಿದ.

ಅವನ ಲೆಕ್ಕದ್ದು ರಾಮದುರ್ಗದಲ್ಲಿತ್ತು. ಫೋನು ಹಚ್ಚಿ ಬೀಗರಿಗೆ ಎಲ್ಲ ಹೇಳಿದ. ಆ ಕಡೆಯಿಂದ ನಗು ನಮಗೂ ಕೇಳಿಸಿತು. "ನಮಗ ಅವತ್ತ ಗೊತ್ತಿತ್ತಲ್ರಿ. ಗಾದಿ ಭಾಳ ಬೆಚ್ಚಗ ಐತಿ, ಇರಲಿ ಬಿಡ್ರಿ." ಅಪ್ಪ ಫೋನು ಇಟ್ಟು ಮುಖ ತೊಳೆಯಲು ಹಿತ್ತಲಿಗೆ ಹೋದ. ಬಹಳ ಹೊತ್ತು ತೊಳೆದ.

ಅರಿಶಿಣದ ದಿನ ಅತ್ತೆ ನನ್ನ ಕೆನ್ನೆಗೆ ಮೊದಲ ಅರಿಶಿಣ ಹಚ್ಚಿದಳು. ಹಚ್ಚಿದಳು ಅನ್ನುವುದಕ್ಕಿಂತ ಬಳಿದಳು, ಕಿವಿಯೊಳಗೂ ಹೋಯಿತು. ಆ ಸಂಜೆ ಅಪ್ಪ ಪಡಸಾಲೆಯಲ್ಲಿ ನನ್ನ ಮದುವೆಯ ಗಾದಿ ಹಾಸಿಕೊಂಡು ಕೊನೆಯ ಹೊಲಿಗೆ ಹಾಕಲು ಕೂತ. ಒಂದು ಮೂಲೆ ಮಾತ್ರ ತೆರೆದಿತ್ತು. ಅತ್ತೆ ಬಂದು ಎದುರಿಗೆ ಕೂತಳು. ಕೈ ತೂರಿಸಿ ನೋಡುವಷ್ಟು ದೊಡ್ಡ ಸಂದು. ಪಕ್ಕದಲ್ಲೇ ಕತ್ತರಿ.

"ಒಳಗ ಏನ ತುಂಬೀದಿ?" ಎಂದು ಕೇಳಿದಳು.

"ಜವಾರಿ ಅರಳಿ."

ಮನೆಮಂದಿಯೆಲ್ಲ ಕೆಲಸ ನಿಲ್ಲಿಸಿ ಅದರ ಹಿಂದೆ ಬರುವ ಆಣೆಗೆ ಕಾದೆವು. ಅದು ಬರಲಿಲ್ಲ. ಅಪ್ಪ ತುಟಿ ಬಿಗಿಹಿಡಿದು ಅಕ್ಕನನ್ನೇ ನೋಡುತ್ತಿದ್ದ.

ಅತ್ತೆ ಸಂದಿನೊಳಗೆ ಕೈ ಹಾಕಲಿಲ್ಲ. ತೆರೆದ ಮೂಲೆಯ ಎರಡೂ ಅಂಚನ್ನು ಕೂಡಿಸಿ ಹಿಡಿದು, "ಹೊಲಿ" ಎಂದಳು. ಅಪ್ಪನ ದಾರ ಸೂಜಿಯ ಕಣ್ಣು ತಪ್ಪಿ ತಪ್ಪಿ ಹೋಗುತ್ತಿತ್ತು. ಸೂಜಿಗೆ ದಾರ ಪೋಣಿಸಿ ಕೊಟ್ಟವಳೂ ಅವಳೇ.